ಐದನೆಯ ವಾಕ್ಯ

“ಸಾರ್, ಇದೊಂದು ಪದ ಏನೂಂತ ಹೇಳಿಬಿಡಿ. ಸಾಲು ಸಾಲಿಗೂ ಬಂದು ಕೂತಿದೆ,” ಎನ್ನುತ್ತಾ ಕ್ಷೌರಿಕ ಒಂದು ನೋಟ್‌ಬುಕ್ಕನ್ನು ಇಂಗ್ಲಿಷ್ ಮೇಷ್ಟ್ರ ಮುಖದ ಮುಂದೆ ಹಿಡಿದ. ಮೇಷ್ಟ್ರ ಎರಡೂ ಕೆನ್ನೆಯ ತುಂಬ ಸೋಪಿನ ನೊರೆ. ಕನ್ನಡಿಯ ಕೆಳಗಿನ ಹಲಗೆಯ ಮೇಲಿದ್ದ ಕನ್ನಡಕವನ್ನೂ ಅವನೇ ಎತ್ತಿ ಅವರ ಮೂಗಿನ ಮೇಲೆ ಕೂರಿಸಿದ.

ಕ್ಷೌರಿಕನ ಹೆಂಡತಿ ಬೆಳಿಗ್ಗೆ ಊಟದ ಮೇಜಿನ ಮೇಲೆ ಮರೆತು ಹೋಗಿದ್ದ ನೋಟ್‌ಬುಕ್ ಅದು. ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚಿ ಮಡಚಿ ಸಾಕಾದ ಅವಳು, ಅಲ್ಲಿನ ರಿಸೆಪ್ಶನ್ ಕೌಂಟರಿನಲ್ಲಿ ಕೂರಲೇಬೇಕೆಂದು ಹಠ ಹಿಡಿದು ಸಂಜೆಯ ಇಂಗ್ಲಿಷ್ ತರಗತಿಗೆ ಸೇರಿದ್ದಳು. ‘ಮೈ ಹಸ್ಬೆಂಡ್’ ಎಂದು ಓದುವಷ್ಟು ಇಂಗ್ಲಿಷ್ ಅವನಿಗೂ ಬರುತ್ತಿತ್ತು. ನಾಲ್ಕು ವಾಕ್ಯಗಳಲ್ಲಿ ನಾಲ್ಕು ಸಲ ಮೈ ಹಸ್ಬೆಂಡ್! ಹಿಗ್ಗಿ ಹೀರೇಕಾಯಿಯಾಗಿ ಅಂಗಡಿಗೆ ಹೊತ್ತು ತಂದಿದ್ದ.

“ಲೇಟ್ಲಿ,” ಎಂದು ಓದಿದರು ಮೇಷ್ಟ್ರು. “ಅಂದ್ರೆ ಇತ್ತೀಚೆಗೆ. ಅರೆ, ಇದು ನನ್ನ ಸಂಜೆ ಕ್ಲಾಸಿನದೇ! ಈ ಪದ ಹಾಕಿ ಐದು ವಾಕ್ಯ ಬರೀರಿ ಅಂದಿದ್ದೆ. ನಾಲ್ಕು ತಿದ್ದಿ ಕೊಟ್ಟಿದ್ದೀನಿ, ಐದನೇದು ನಾಳೆ ತರಬೇಕು. ಭಲೇ ಚೆನ್ನಾಗಿ ಬರೀತಾರೆ ಈ ಹೆಂಗಸು.”

“ಕನ್ನಡದಲ್ಲಿ ಹೇಳಿ ಸಾರ್,” ಎಂದ ಕ್ಷೌರಿಕ, ಕತ್ತಿಗೆ ಹೊಸ ಬ್ಲೇಡ್ ಸಿಕ್ಕಿಸುತ್ತಾ.

“ಲೇಟ್ಲಿ, ನನ್ನ ಗಂಡ ಮನೆಯಲ್ಲಿ ಮಾತಾಡುವುದಿಲ್ಲ. ಲೇಟ್ಲಿ, ನಾನು ಏನು ಹೇಳಿದರೂ ನನ್ನ ಗಂಡ ‘ಹೂಂ’ ಅನ್ನುತ್ತಾನೆ. ಲೇಟ್ಲಿ, ನನ್ನ ಗಂಡನಿಗಿಂತ ನಮ್ಮ ಫ್ರಿಜ್ಜೇ ಹೆಚ್ಚು ಸದ್ದು ಮಾಡುತ್ತದೆ. ಹಹ್ಹಹ್ಹಾ! ಪಾಪ, ಎಂಥ ಕಲ್ಲುಗುಂಡನ್ನ ಕಟ್ಕೊಂಡಿದಾರೋ!”

“ಆ ಕಲ್ಲುಗುಂಡು ನಾನೇ ಸಾರ್.”

ಮೇಷ್ಟ್ರ ಕಣ್ಣು ಮೆಲ್ಲಗೆ ತಮ್ಮ ಗಂಟಲ ಹತ್ತಿರವಿದ್ದ ಕತ್ತಿಯ ಕಡೆ ಇಳಿಯಿತು. “ಅಭ್ಯಾಸಕ್ಕೆ ಬರೆದದ್ದಪ್ಪಾ. ನಿಜಾನೇ ಇರ್ಬೇಕು ಅಂತೇನಿಲ್ಲ. ನಾಲ್ಕನೇದು ಬಿಡು, ಬೇಡ.”

ನಾಲ್ಕನೆಯದಕ್ಕೆ ಮೇಷ್ಟ್ರ ಸಹಾಯವೇ ಬೇಕಿರಲಿಲ್ಲ. ಅದರಲ್ಲಿ ‘ಹೇರ್ ಕಟ್’ ಎಂದಿತ್ತು. ಅಂಗಡಿಯ ಬೋರ್ಡಿನ ಮೇಲೆ ಅವನೇ ದಪ್ಪಕ್ಷರದಲ್ಲಿ ಬರೆಸಿದ್ದ ಪದ. ಉಳಿದದ್ದನ್ನು ಬೆರಳಿಟ್ಟು ಕೂಡಿಸಿಕೊಂಡ. ಅವಳು ಬೇರೆ ಕಡೆ ಕೂದಲು ಕತ್ತರಿಸಿಕೊಂಡು ಬಂದಿದ್ದಳು, ಗಂಡನಿಗೆ ಅದು ಕಂಡೇ ಇರಲಿಲ್ಲ.

ಗಿರಾಕಿಗಳೆಲ್ಲ ಅವನನ್ನು ಕರೆಯುತ್ತಿದ್ದುದು ‘ರೇಡಿಯೋ’ ಎಂದು. ಬೆಳಿಗ್ಗೆ ಶಟರ್ ಎತ್ತಿದರೆ ಬಾಯಿಯೂ ತೆರೆದುಕೊಂಡಿತೆಂದೇ ಲೆಕ್ಕ. ಯಾರ ತಲೆಯ ಸುಳಿ ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಅಂಥವನಿಗೆ ಹೆಂಡತಿಯ ಕೂದಲು ಈಗ ಎಷ್ಟುದ್ದ ಇದೆಯೆಂದು ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಭಯವೂ ಬಂತು. ‘ಲೇಟ್ಲಿ, ನನಗೆ ಈ ಗಂಡನೇ ಬೇಡ’ ಎಂದು ಐದನೆಯದನ್ನು ಬರೆದುಬಿಟ್ಟರೆ? ಮೇಷ್ಟ್ರು ಅದಕ್ಕೂ ರೈಟ್ ಹಾಕಿಬಿಡುತ್ತಾರಲ್ಲ!

ಸಂಜೆ ಬೇಗ ಅಂಗಡಿ ಮುಚ್ಚಿ ಮನೆಗೆ ಹೋದ. ಒಲೆಯ ಮುಂದಿದ್ದ ಹೆಂಡತಿಯ ಎದುರು ನಿಂತು ಬಾಯಿ ತೆರೆದ. ಏನೂ ಹೊರಡಲಿಲ್ಲ. ಇನ್ನಷ್ಟು ತೆರೆದ.

“ಏನ್ರೀ, ಹಲ್ಲು ನೋವಾ?”

“ಕೂತ್ಕೋ,” ಎಂದು ಕುರ್ಚಿ ಎಳೆದು ಕೂರಿಸಿ, ಕುತ್ತಿಗೆಗೆ ಟವೆಲ್ ಸುತ್ತಿ ಹಿಂದೆ ಬಂದು ನಿಂತ. ಭುಜದವರೆಗಿದ್ದ ಕೂದಲು ಎಡಕ್ಕೆ ಎರಡು ಬೆರಳು ಉದ್ದ, ಬಲಕ್ಕೆ ಗಿಡ್ಡ. ಅವನ ಕಸುಬಿಗೇ ಮೈ ಉರಿಯಿತು. “ಯಾವ ಪುಣ್ಯಾತ್ಮನೇ ಇದನ್ನ ಕತ್ತರಿಸಿದ್ದು?”

“ಮೂರು ವಾರ ಆಯ್ತು. ಈಗ ಕಾಣಿಸ್ತಾ?”

ಕತ್ತರಿ ಒಂದು ಸಲ ಕಚಕ್ ಅಂದದ್ದೇ ತಡ, ಮಾತು ಹೊರಟಿತು. ಇಷ್ಟು ವರ್ಷ ಜನರ ಹಿಂದೆ ನಿಂತು, ಕತ್ತರಿ ಆಡಿಸುತ್ತಲೇ ಮಾತಾಡಿದ ನಾಲಗೆ ಅದು. ಮೇಷ್ಟ್ರು ನಡುಗಿ ಅರ್ಧ ಗಡ್ಡದಲ್ಲೇ ಏಳಲು ಹೋದದ್ದನ್ನು ಹೇಳಿದ. ದಿನವಿಡೀ ನಿಂತು ಮಂಡಿ ನೋಯುವುದನ್ನು ಹೇಳಿದ. “ಎಲ್ಲಾ ಅಂಗಡೀಲೇ ಸುರಿದು ಬರ್ತೀನಿ ಕಣೇ. ಮನೆಗೆ ಬರೋಷ್ಟರಲ್ಲಿ ಖಾಲಿ. ತಪ್ಪು ನಂದೇ. ಫ್ರಿಜ್ಜಿಗಿಂತ ಕಡೆಯಾಗಿಬಿಟ್ಟೆ,” ಎಂದ. ಅವಳು ನಕ್ಕ ನಗೆಗೆ ಟವೆಲ್ಲೇ ಕುಣಿಯಿತು.

“ಅಲ್ಲಾಡಬೇಡ್ವೇ, ಕಿವಿ ಹೋಗುತ್ತೆ!”

ಎಲ್ಲ ಮುಗಿದ ಮೇಲೆ ನೋಟ್‌ಬುಕ್ಕನ್ನೂ ಪೆನ್ನನ್ನೂ ತಂದು ಅವಳ ಮಡಿಲಿಗೆ ಹಾಕಿದ. “ಹೂಂ, ಐದನೇದು ಬರಿ ಈಗ. ಲೇಟ್ಲಿ, ಮೈ ಹಸ್ಬೆಂಡ್...”

ಅವಳು ನೋಟ್‌ಬುಕ್ ಮುಚ್ಚಿದಳು. “ಒಂದು ಸಂಜೆಗೆಲ್ಲಾ ಲೇಟ್ಲಿ ಅಂತಾರೇನ್ರೀ? ಒಂದು ತಿಂಗಳು ಹೀಗೇ ನಡೀಲಿ, ಆಮೇಲೆ ನೋಡೋಣ.”

“ನಾಳೆ ಮೇಷ್ಟ್ರಿಗೇನು ತೋರಿಸ್ತೀಯಾ?”

“ನಾಲ್ಕೇ ಇದೆ ಅಂತೀನಿ. ಒಂದು ಮಾರ್ಕು ಹೋದ್ರೆ ಹೋಗ್ಲಿ. ಸುಳ್ಳು ಮಾತ್ರ ಬರೆಯಲ್ಲ.”

ಅವನು ಅವಳ ತಲೆಯನ್ನು ನೋಡಿದ. ಮಾತಿನ ಭರದಲ್ಲಿ ಎಡ ಬಲ ಸಮ ಮಾಡುತ್ತಾ ಮಾಡುತ್ತಾ ಕೂದಲು ಭುಜದಿಂದ ಕಿವಿಯವರೆಗೆ ಏರಿತ್ತು. “ಅಯ್ಯೋ, ಒಂದು ತಿಂಗಳಿಗೆ ಇಷ್ಟು ಕೂದಲು ಎಲ್ಲಿ ಸಾಲುತ್ತೇ?”

ಅವಳು ಎದ್ದು ಅವನ ಕೈಯಿಂದ ಕತ್ತರಿ ತೆಗೆದುಕೊಂಡು ಡ್ರಾಯರಿಗೆ ಹಾಕಿದಳು. ಕುರ್ಚಿಯನ್ನು ಅವನ ಕಡೆ ತಿರುಗಿಸಿ, ಟವೆಲ್ ಹೊದ್ದೇ ಎದುರಿಗೆ ಕೂತಳು.

“ಹೂಂ,” ಅಂದಳು.