ಬಿಟ್ಟುಕೊಟ್ಟ ಊರು

ಪ್ರವಾಸದ ಕ್ರೆಡಿಟ್ ಕಾರ್ಡ್ ಬೇಕೆಂದರೆ ಒಂದು ಊರನ್ನು ಬ್ಯಾಂಕಿಗೆ ಬಿಟ್ಟುಕೊಡಬೇಕು. ಆಮೇಲೆ ಆ ಊರಿನ ಗಡಿ ದಾಟಲು ಕಾಲೇ ಏಳುವುದಿಲ್ಲ; ಬಸ್ಸಿನಲ್ಲಿ ಕೂತಿದ್ದರೂ ಗಡಿಯಲ್ಲಿ ಇಳಿಯಲೇಬೇಕು. ದಂಪತಿ ಇಬ್ಬರೂ ಮಾಡಿಸಿದರೆ ಬೋನಸ್ ದುಪ್ಪಟ್ಟು. "ಒಬ್ರು ಹೋಗಿ ಒಬ್ರು ಉಳಿಯೋ ಫಜೀತಿ ಬೇಡ ಕಣ್ರೀ" ಎಂದು ಸರ್ವಮಂಗಳಾ ಇಬ್ಬರ ಅರ್ಜಿಯಲ್ಲೂ ನೆಂಟರಿಲ್ಲದ ಹೊಸದುರ್ಗವನ್ನೇ ಬರೆಸಿದ್ದಳು.

ಮಗಳಿಗೆ ಅಲ್ಲಿಗೇ ವರ್ಗವಾಯಿತು. ದಿನ ತುಂಬುವ ಮುಂಚೆಯೇ ಹೆರಿಗೆಯೂ ಆಯಿತು.

ಊರಿನ ಬೋರ್ಡಿನ ಬಳಿ ಗಂಡ ಹೆಂಡತಿ ಬಸ್ಸಿಳಿದರು. ಸರ್ವಮಂಗಳಾ ಬಾಣಂತಿ ಲೇಹ್ಯದ ಡಬ್ಬಿಯನ್ನು ಕಂಡಕ್ಟರನ ಕೈಗಿತ್ತಳು. ಅವನ ಸೀಟಿನ ಕೆಳಗೆ ಅಂಥವು ಆಗಲೇ ನಾಲ್ಕಿದ್ದವು.

ಫೋನಿನಲ್ಲಿ ಮಗಳು, "ಎಲ್ಲಿದ್ದೀಯಮ್ಮಾ? ಮಗು ಅಳು ನಿಲ್ಲಿಸ್ತಿಲ್ಲ" ಎಂದಳು.

ಬಸ್ಸು ಹೊರಟಿತು. "ಬೋನಸ್ಸಿಂದು ಅಂಡಮಾನ್ ಟಿಕೆಟ್ ಬಂತು ಕಣೇ, ಇಬ್ಬರದ್ದೂ" ಎಂದ ಗಂಡ, ತನ್ನ ಮೊಬೈಲಿನಿಂದ ತಲೆ ಎತ್ತದೆ.

"ಫೋನು ಮಗೂ ಕಿವಿಗಿಡು" ಎಂದು ಸರ್ವಮಂಗಳಾ ರಸ್ತೆಯಂಚಿನಲ್ಲೇ ನಿಂತು ಜೋಗುಳ ಶುರುಮಾಡಿದಳು.