ಗಣಿತದಲ್ಲಿ ಹನ್ನೆರಡು

ಹೆಂಗಸು ಒಳಗೆ ಬಂದು ಎರಡು ನಿಮಿಷವಾದರೂ ಗೋಡೆಯ ಫಲಕವನ್ನು ನೋಡಿ ಮುಖ ಸಿಂಡರಿಸಲಿಲ್ಲ. ಮುದ್ರಕನಿಗೆ ಅನುಮಾನ ಹುಟ್ಟಿದ್ದು ಆಗಲೇ.

ಫಲಕದಲ್ಲಿ ‘ಭಾಗಿಲು ತಳ್ಳಿ’ ಎಂದಿತ್ತು. ಬೇಕೆಂದೇ ಬರೆಸಿದ ತಪ್ಪು. ಓದಿಕೊಂಡವರು ಅದನ್ನು ಕಂಡರೆ ಅನ್ನದಲ್ಲಿ ಕಲ್ಲು ಕಡಿದವರಂತಾಗುತ್ತಾರೆ. ಹಿಂದಿನ ವಾರ ಬಂದ ತತ್ವಶಾಸ್ತ್ರದವನಂತೂ ಬಾಯಿ ತೆರೆಯುವ ಮೊದಲೇ ಮಹಾಪ್ರಾಣದ ಸೀಳನ್ನು ಉಗುರಿನಿಂದ ಕೆರೆಯಲು ಹೊರಟಿದ್ದ. ಈಕೆ ಫಲಕವನ್ನು ಓದಿದಳು, ಸುಮ್ಮನೆ ಕುರ್ಚಿ ಎಳೆದುಕೊಂಡಳು.

“ಏನು ಬೇಕಿತ್ತಮ್ಮ?”

“ಒಂಬತ್ತನೇ ಕ್ಲಾಸಿನ ಅಂಕಪಟ್ಟಿ. ಫೇಲಾಗಿರೋದು.”

ಒಂದು ಕಾಲದಲ್ಲಿ ಮುದ್ರಕ ಗುಟ್ಟಾಗಿ ಪದವಿ ಪತ್ರ ಅಚ್ಚು ಹಾಕುತ್ತಿದ್ದ. ಬೀದಿಗೆ ಹತ್ತು ಜನ ಅಸಲಿ ಪದವೀಧರರೇ ಕೆಲಸವಿಲ್ಲದೆ ನೊಣ ಹೊಡೆಯತೊಡಗಿದ ಮೇಲೆ ನಕಲಿಯನ್ನು ಕೇಳುವವರು ಯಾರು? ಅಂಗಡಿ ಮುಚ್ಚುವುದರಲ್ಲಿದ್ದಾಗ ಊರಾಚೆಯ ಬಿಸ್ಕತ್ತು ಕಾರ್ಖಾನೆ ಅವನ ಕೈಹಿಡಿಯಿತು. ಪ್ಯಾಕಿಂಗ್ ಕೆಲಸಕ್ಕೆ ಒಂಬತ್ತನೆಯ ತರಗತಿ ದಾಟಿದವರು ಬೇಡ ಎಂದು ಅಲ್ಲಿ ನಿಯಮ ಮಾಡಿದರು. ಓದಿದವರು ಎರಡೇ ತಿಂಗಳಿಗೆ ಕಾಲ್ಕೀಳುತ್ತಾರೆ, ಇರುವಷ್ಟು ದಿನವೂ ರಜೆಯ ನಿಯಮಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ ಎಂಬುದು ಅವರ ದೂರು. ಸಂಬಳ ಮಾತ್ರ ಊರಿನ ಯಾವ ಆಫೀಸಿನ ಗುಮಾಸ್ತನಿಗಿಂತಲೂ ಹೆಚ್ಚು. ಅಲ್ಲಿಂದೀಚೆಗೆ ಪದವೀಧರರು ಫೇಲಾಗಲು ಮುದ್ರಕನ ಅಂಗಡಿಗೆ ಸಾಲುಗಟ್ಟಿದ್ದರು.

“ಈಗೆಲ್ಲಿ ಕೆಲಸ?”

“ವಿಶ್ವವಿದ್ಯಾಲಯದ ಪ್ರವೇಶ ಕೌಂಟರಿನಲ್ಲಿ. ಹನ್ನೊಂದು ವರ್ಷ ಆಯ್ತು. ಓದಿಸಿದ್ರೆ ಮಕ್ಕಳ ಬಾಳು ಬಂಗಾರ ಅಂತ ಅಪ್ಪ ಅಮ್ಮಂದಿರಿಗೆ ಹೇಳ್ತೀನಿ.”

“ಹೇಳಿ ಹೇಳಿ ಸಾಕಾಯ್ತಾ?”

“ನನ್ನ ನಾದಿನಿ ಆ ಫ್ಯಾಕ್ಟರೀಲಿ ಬಿಸ್ಕತ್ತು ತುಂಬ್ತಾಳೆ. ಮಗಳ ಉಬ್ಬುಹಲ್ಲಿಗೆ ತಂತಿ ಹಾಕಿಸಿದಾಳೆ. ನನ್ನ ಮಗಳು ನಗುವಾಗ ಇನ್ನೂ ಬಾಯಿಗೆ ಕೈ ಅಡ್ಡ ಇಟ್ಕೊಳ್ತಾಳೆ.”

ಮುದ್ರಕ ಕನ್ನಡಕ ಒರೆಸಿಕೊಂಡ. “ಪದವಿಗೆ ಬಹಳ ಖರ್ಚಾಗಿತ್ತಾ?”

“ಅಮ್ಮನ ಎರಡು ಬಳೆ ಹೋಯ್ತು.”

“ಕಷ್ಟಪಟ್ಟು ಓದಿದ್ದು ಬೇರೆ.”

“ನಾನು ಅಷ್ಟೇನೂ ಕಷ್ಟಪಡಲಿಲ್ಲ ಬಿಡಿ.”

ಬುದ್ಧಿವಂತೆ, ಎಂದುಕೊಂಡ ಮುದ್ರಕ. ಕಾಗದ ತೆಗೆದ. “ಗಣಿತಕ್ಕೆ ಮೂವತ್ನಾಲ್ಕು ಹಾಕ್ತೀನಿ. ಒಂದಂಕದಲ್ಲಿ ಫೇಲಾದ್ರೆ ಮರ್ಯಾದೆ ಉಳಿಯುತ್ತೆ.”

“ಹನ್ನೆರಡು ಹಾಕಿ.”

ಪೆನ್ನು ನಿಂತಿತು. ಈವರೆಗೆ ಯಾವ ಪದವೀಧರನೂ ಇಪ್ಪತ್ತೈದರ ಕೆಳಗೆ ಇಳಿಯಲು ಒಪ್ಪಿರಲಿಲ್ಲ. ಚಿನ್ನದ ಪದಕದವಳೊಬ್ಬಳು ಮೂವತ್ತಕ್ಕೇ ಕಣ್ಣೀರು ಹಾಕಿದ್ದಳು.

“ಗಣಿತ ಹನ್ನೆರಡು, ವಿಜ್ಞಾನ ಹತ್ತೊಂಬತ್ತು, ಭಾಷೆ ನಲವತ್ತೊಂದು, ಚಿತ್ರಕಲೆ ಎಪ್ಪತ್ತು,” ಎಂದಳು ಆಕೆ, ಮನೆಯ ವಿಳಾಸ ಹೇಳುವವಳಂತೆ.

ಮುದ್ರಕ ಬಾಗಿಲಿನಾಚೆ ಒಮ್ಮೆ ಇಣುಕಿದ. ಹೀಗೆ ಬಾಯಿಪಾಠ ಮಾಡಿಕೊಂಡು ಬರುವವರು ಪೊಲೀಸರು ಮಾತ್ರ, ಅದೂ ಮಫ್ತಿಯಲ್ಲಿ. ಖಚಿತ ಮಾಡಿಕೊಳ್ಳಲು ಕೊನೆಯ ಬಾಣ ಬಿಟ್ಟ. “ಡಜನ್ನಿಗೆ ಹದಿನೆಂಟಾದ್ರೆ ಏಳಕ್ಕೆ ಎಷ್ಟಾಗುತ್ತಮ್ಮ?” ಓದಿದವರಾದರೆ ಕಣ್ಣು ಫಳಕ್ಕನೆ ಹೊಳೆಯುತ್ತದೆ. ಆಮೇಲೆ ಎಷ್ಟು ಪೆದ್ದರಂತೆ ನಟಿಸಿದರೂ ವ್ಯರ್ಥ. ಈಕೆಯ ಕಣ್ಣು ಹೊಳೆಯಲಿಲ್ಲ.

“ಲೆಕ್ಕ ಯಾಕೀಗ? ಬೇಗ ಕೊಡಿ, ಬಸ್ಸು ತಪ್ಪುತ್ತೆ.”

ಇಷ್ಟು ಪಳಗಿದವಳೆಂದರೆ ಇನ್ಸ್‌ಪೆಕ್ಟರೇ ಇರಬೇಕು. ಮುದ್ರಕ ಬೇಗಬೇಗ ಅಚ್ಚು ಹಾಕಿದ. ಮುಚ್ಚಿಹೋದ ಒಂದು ಶಾಲೆಯ ಮೊಹರು ಅವನ ಹತ್ತಿರವಿತ್ತು, ಮುಖ್ಯೋಪಾಧ್ಯಾಯಿನಿಯ ಸಹಿಯೂ ಕೈಗೆ ಕೂತಿತ್ತು. ಆಕೆ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು.

“ಹೆಡ್‌ಮೇಡಂ ಸಹಿ ಇನ್ನೂ ಸ್ವಲ್ಪ ಬಲಕ್ಕೆ ವಾಲ್ತಿತ್ತು.”

ಮುದ್ರಕ ಎದ್ದು ನಿಂತ. “ದುಡ್ಡು ಬೇಡ ತಾಯಿ,” ಎಂದು ಕೈಮುಗಿದ. “ಹೆಂಡತಿ ಮಕ್ಕಳಿರೋನು. ಮನಸ್ಸಿನಲ್ಲಿಟ್ಟುಕೊಳ್ಳಿ.”

ಆಕೆ ಅವನನ್ನು ವಿಚಿತ್ರವಾಗಿ ನೋಡಿ ಹೊರಟುಹೋದಳು. ಮುದ್ರಕ ಅಂದೇ ಅಂಗಡಿಗೆ ಬೀಗ ಜಡಿದು, ಮೊಹರುಗಳನ್ನೆಲ್ಲ ಅತ್ತೆಯ ಮನೆಯ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟ. ಹದಿನೈದು ದಿನ ಯಾರೂ ಬರಲಿಲ್ಲ. ಅತ್ತೆ ಮಾತ್ರ ರೊಟ್ಟಿಯಲ್ಲಿ ‘ಅನುತ್ತೀರ್ಣ’ ಸಿಕ್ಕಿತೆಂದು ರಂಪ ಮಾಡಿದಳು. ಮುದ್ರಕ ವಿಧಿಯಿಲ್ಲದೆ ಅಂಗಡಿ ತೆರೆದ.

ತಿಂಗಳ ಕೊನೆಗೆ ಆಕೆ ಮತ್ತೆ ಬಂದಳು. ಮೈಮೇಲೆ ಕಾರ್ಖಾನೆಯ ನೀಲಿ ಕೋಟು, ಕೈಯಲ್ಲಿ ಪುಡಿಬಿಸ್ಕತ್ತಿನ ಪೊಟ್ಟಣ ಮತ್ತು ಅವನಿಗೆ ಸಲ್ಲಬೇಕಾದ ಹಣ.

“ಕೆಲಸ ಸಿಕ್ತು. ಸಂದರ್ಶನಕ್ಕೆ ಆರು ಜನ ಹೋಗಿದ್ವಿ, ಎಲ್ಲರ ಕೈಯಲ್ಲೂ ನಿಮ್ಮದೇ ಅಂಕಪಟ್ಟಿ. ಮ್ಯಾನೇಜರು ಮಾತಿನ ಮಧ್ಯೆ, ನೂರರಲ್ಲಿ ಮುಕ್ಕಾಲು ಪಾಲು ಅಂದ್ರೆ ಎಪ್ಪತ್ತು ಅಲ್ವೇ ಅಂದ. ಐದು ಜನರ ತಲೆ ಅವರಿಗೇ ಗೊತ್ತಿಲ್ಲದ ಹಾಗೆ ಅಡ್ಡಡ್ಡ ಆಡಿತು. ಅವರನ್ನ ಅಲ್ಲಿಂದಲೇ ವಾಪಸ್ಸು ಕಳಿಸಿದ.”

“ನಿಮ್ಮ ತಲೆ?”

“ಹೌದು ಸಾರ್ ಅಂದೆ.”

ಮುದ್ರಕನ ಎದೆಯ ಮೇಲಿನ ಕಲ್ಲು ಇಳಿಯಿತು. “ಹಾಗಾದ್ರೆ ನೀವು ಪೊಲೀಸಲ್ಲ,” ಎಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡ. “ಎಂತೆಂಥ ಪಂಡಿತರನ್ನ ಕಂಡಿದೀನಿ, ಇಂಥ ನಟನೆ ಯಾರ ಕೈಲೂ ಆಗಿಲ್ಲ. ಯಾರು ಕಲಿಸಿದ್ದು ನಿಮಗೆ?”

“ನಟನೆ ಮಾಡಿದ್ದು ಕೌಂಟರಿನಲ್ಲಿ, ಹನ್ನೊಂದು ವರ್ಷ,” ಎಂದಳು ಆಕೆ. “ಪದವಿ ಪತ್ರ ಪಕ್ಕದ ಊರಿನ ಪ್ರೆಸ್ಸಿನಲ್ಲಿ ಮಾಡಿಸಿದ್ದು. ಒಂಬತ್ತನೇ ಕ್ಲಾಸಿನ ಅಸಲಿ ಪಟ್ಟಿ ಆಗಲೇ ಹರಿದು ಹಾಕಿದ್ದೆ. ನೀವು ಹಾಕಿಕೊಟ್ಟ ಅಂಕಗಳಲ್ಲಿ ಒಂದೂ ಸುಳ್ಳಲ್ಲ.”