ಕಮಾನು ಬಂಡಿಯ ಹಿಂಭಾರ

ಬಂಡಿಯ ಕೀಲೆಣ್ಣೆಯ ವಾಸನೆ ಬಂದರೆ ಇವತ್ತಿಗೂ ನನಗೆ ಉಸಿರು ಕಟ್ಟುತ್ತದೆ.

ನಿಜಾಮರ ಕಾಲದ ಒಂದು ಬೇಸಿಗೆಯಲ್ಲಿ ಅಪ್ಪ ರಾಯಚೂರಿನಿಂದ ಹೊಸ ಕಮಾನು ಬಂಡಿ ತಂದ. ಬಿದಿರಿನ ಕಮಾನಿಗೆ ಚಾಪೆ ಬಿಗಿದು, ಹಿಂದೆ ಪರದೆ ಇಳಿಬಿಟ್ಟು, ತನ್ನ ತಂಗಿಯನ್ನು, ಅಂದರೆ ನನ್ನ ಅತ್ತೆಯನ್ನು, ದೇವದುರ್ಗದ ಗಂಡನ ಮನೆಗೆ ಬಿಡಲು ಹೊರಟ. ಆ ಮನೆಯವರು ಅತ್ತೆಯ ಮೊಣಕೈ ಮೇಲೆ ಸುಟ್ಟ ಗಾಯ ಇನ್ನೂ ಮಾಗಿರಲಿಲ್ಲ.

"ಗಂಡನ ಮನಿ ಬಿಟ್ಟು ಎಷ್ಟ ದಿನ ಇರ್ತಿ ಬೇ?" ಎಂದು ಅವಳನ್ನು ಹತ್ತಿಸಿದ ಅಪ್ಪ ನನ್ನ ಕಡೆ ತಿರುಗಿದ. "ಅತ್ತಿ ಮ್ಯಾಲ ಕಣ್ಣ ಇಡು ಲೇ. ಹಳ್ಳ ದಾಟಿದ ಮ್ಯಾಲ ಹಗ್ಗ ನಿನ್ನ ಕೈಯಾಗ ಕೊಡ್ತೀನಿ."

ಕಾದ ಚಾಪೆಯ ಕೆಳಗೆ ಕೀಲೆಣ್ಣೆಯ ವಾಸನೆ ಬಿಟ್ಟರೆ ಗಾಳಿಯೇ ಇರಲಿಲ್ಲ. ಕವಿತಾಳ ಬಿಟ್ಟು ಹಳ್ಳ ಸಮೀಪಿಸಿದಾಗ ಅತ್ತೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

"ಯಪ್ಪಾ, ನಾ ಹಿಂದ ಇಳಿದು ಮಾನ್ವಿಗೆ ಅಕ್ಕನ ಮನಿಗಿ ಹೋಗ್ತೀನಿ. ಇಳಿದ ಕೂಡ್ಲೆ ಈ ಜೋಳದ ಚೀಲ ಹಿಂದಕ್ಕ ಜಗ್ಗಿ ಅದರ ಮ್ಯಾಲ ಕೂಡು. ಇಲ್ಲಂದ್ರ ಭಾರ ಎಲ್ಲಾ ಎತ್ತಿನ ಕುತ್ತಿಗಿಗಿ ಬಿದ್ದು ನಿಮ್ಮಪ್ಪಗ ತಿಳಿತದ."

ನಾನು ತಲೆಯಾಡಿಸಿದೆ. ಅವಳು ಇಳಿದಳು. ನಾನು ಅಪ್ಪನ ಕೈಯ ಹಗ್ಗ ನೋಡುತ್ತ ಕೂತಲ್ಲೇ ಕೂತೆ.

ಬಂಡಿ ಮುಂದಕ್ಕೆ ಬಾಗಿತು. ಎತ್ತುಗಳು ನಿಂತವು. ಅಪ್ಪ ಕೆಳಗೆ ಜಿಗಿದು ಅತ್ತೆಯನ್ನು ರಟ್ಟೆ ಹಿಡಿದು ಕರೆತಂದ.

ಮತ್ತೆ ಹತ್ತಿದ ಅತ್ತೆ ನನಗೆ ಬೆನ್ನು ಮಾಡಿ ಕೂತಳು. ಹಳ್ಳ ದಾಟಿದ ಮೇಲೆ ಅಪ್ಪ ಮಾತು ಉಳಿಸಿಕೊಂಡ. ದೇವದುರ್ಗದ ತನಕ ಆ ಬಂಡಿ ಹೊಡೆದವನು ನಾನೇ.